ದೋಣಿಗಾರನ ಸರದಿ

"ಸಂತೋಷದ ಸುದ್ದಿ ಅಮ್ಮಾ! ಹೊಸ ಪುಸ್ತಕದ ಪ್ರಕಾರ ನಿಮ್ಮ ದೋಣಿಗಾರ ಏಳಬಹುದು," ಎಂದ ಆಟದ ಪುಸ್ತಕ ಮಾರುವ ಕಂಪನಿಯವನು.

ಮೇಜಿನ ಸುತ್ತ ಕೂತಿದ್ದ ಮೂವರೂ ಅವನನ್ನೇ ನೋಡಿದರು. ಅದು ದರ್ಜಿ ಬಟ್ಟೆ ಕತ್ತರಿಸುವ ಮೇಜು. ಭಾನುವಾರ ಮಧ್ಯಾಹ್ನ ಅಂಗಡಿಯ ಬಾಗಿಲು ಅರ್ಧ ಎಳೆದುಕೊಂಡು ಅದರ ಮೇಲೆ ಕಥೆಯಾಟ ಆಡುವುದು ಅವರ ಬಹಳ ವರ್ಷಗಳ ರೂಢಿ. ದರ್ಜಿ ಪುಸ್ತಕ ನೋಡಿ ಕಥೆ ನಡೆಸುತ್ತಾನೆ. ಮಿಕ್ಕವರು ಒಂದೊಂದು ಪಾತ್ರ ಹೊತ್ತು, ಸರದಿ ಬಂದಾಗ ಆ ಪಾತ್ರದ ಬಾಯಲ್ಲಿ ಮಾತಾಡುತ್ತಾರೆ. ಆಗುಹೋಗು ದಾಳದ ಕೈಯಲ್ಲಿ. ಬಸ್ ಡ್ರೈವರ್ ಆ ಕಥೆಯಲ್ಲಿ ಕಳ್ಳ. ಗಡಿಯಾರ ರಿಪೇರಿ ಮಾಡುತ್ತಿದ್ದ ದರ್ಜಿಯ ಅಣ್ಣ ದೋಣಿಗಾರ. ಕಥೆಯಲ್ಲಿ ಬಾಣ ತಗಲಿ ದೋಣಿಗಾರ ಸತ್ತ. ಮರುವರ್ಷ ಕಥೆಯ ಹೊರಗೆ ಗಡಿಯಾರದವನೂ ಹೋದ. ಈಗ ಅವನ ಕುರ್ಚಿಯಲ್ಲಿ ಕೂತವಳು ಅವನ ಹೆಂಡತಿ.

ಹಳೆಯ ಪುಸ್ತಕದಲ್ಲಿ ಒಂದು ಸಾಲಿತ್ತು: 'ಸತ್ತವನು ತನ್ನ ಸರದಿಯಲ್ಲಿ ಹೇಳಬಹುದು.' ಏನು ಹೇಳಬಹುದು, ಯಾರಿಗೆ ಹೇಳಬಹುದು, ಒಂದೂ ಇಲ್ಲ. "ಸತ್ತರೂ ನನ್ನ ಬಾಯಿ ಮುಚ್ಚಿಸೋ ಹಾಗಿಲ್ಲ ನೋಡ್ರೋ," ಎಂದು ನಕ್ಕು, ಗಡಿಯಾರದವನು ಅವತ್ತಿನಿಂದ ದೋಣಿಯ ತಳದಲ್ಲಿ ಹೆಣವಾಗಿ ಮಲಗಿಕೊಂಡೇ ದಾರಿ ಹೇಳತೊಡಗಿದ್ದ. ಅವನು ಹೋದ ಮೇಲೆ ಅವಳು ಹೇಳುತ್ತಾ ಬಂದಳು. ವಾರವಿಡೀ ತಡಕಾಡಿದರೂ ನೆನಪಿಗೆ ಸಿಗದ ಅವನ ದನಿ, ಇಲ್ಲಿ ಸರದಿ ಬಂದ ಕೂಡಲೇ ಎಲ್ಲಿಂದಲೋ ತೇಲಿ ಬಂದು ಅವಳ ನಾಲಿಗೆಯ ಮೇಲೆ ಕೂರುತ್ತಿತ್ತು.

"ಅದು ಅಚ್ಚಿನ ತಪ್ಪಮ್ಮ," ಎಂದ ಕಂಪನಿಯವನು, ಹೊಸ ಪುಸ್ತಕ ಬಿಡಿಸುತ್ತಾ. "ಏಳಬಹುದು ಅಂತ ಇರಬೇಕಿತ್ತು. ಹೇಳಬಹುದು ಅಂತ ಆಗಿಬಿಟ್ಟಿತ್ತು. ಈ ಸಲ ಎಲ್ಲಾ ತಿದ್ದಿಸಿದೀವಿ. ನಿಮ್ಮಂಥ ಹಳಬರು ತಗೊಂಡ್ರೆ ಮಿಕ್ಕವರೂ ಹಿಂದೇನೇ ಬರ್ತಾರೆ."

"ನಮ್ಮ ಕಂಡಕ್ಟರ್ 'ಹತ್ತಿ ಹತ್ತಿ' ಅನ್ನೋಕೆ 'ಅತ್ತಿ ಅತ್ತಿ' ಅಂತಾನೆ," ಎಂದ ಡ್ರೈವರ್. "ಅವನು ಬೀಳಿಸಿದ ಹಕಾರ ಎಲ್ಲಿ ಹೋಯ್ತೋ ಅಂದ್ಕೊಂಡಿದ್ದೆ. ನಿಮ್ಮ ಪುಸ್ತಕಕ್ಕೆ ಬಂದು ಸೇರಿದೆ!"

ದರ್ಜಿ ನಗಲಿಲ್ಲ. ಹೊಸ ಪುಸ್ತಕದ ಹಾಳೆಯನ್ನು ಬಟ್ಟೆ ಪರೀಕ್ಷಿಸುವಂತೆ ಎರಡು ಬೆರಳ ನಡುವೆ ಹಿಡಿದು ಉಜ್ಜಿ ನೋಡಿದ. ಅಕ್ಷರ ದಪ್ಪದಪ್ಪ. ಹಳೆಯದರಲ್ಲಿ ಸಾಸಿವೆ ಚೆಲ್ಲಿದಂಥ ಅಕ್ಷರ; ಈಚೆಗೆ ಕಿಟಕಿಗೆ ಹಿಡಿದರೂ ಅವನ ಕಣ್ಣಿಗೆ ದಕ್ಕುತ್ತಿರಲಿಲ್ಲ.

"ಹಾಗಾದ್ರೆ ಹೇಳೋದು ಇಲ್ವಾ?" ಎಂದಳು ಅವಳು ಮೆಲ್ಲಗೆ.

"ಇಲ್ಲಮ್ಮ. ಈಗ ದಾಳ ಹಾಕೋದು. ದೊಡ್ಡ ಸಂಖ್ಯೆ ಬಿದ್ರೆ ಏಳ್ತಾನೆ, ಬೀಳದಿದ್ರೆ ಸರದಿ ಮುಂದಕ್ಕೆ." ಅವನು ದಾಳವನ್ನು ಅವಳ ಅಂಗೈಗಿಟ್ಟ. "ಹಾಕಿ ನೋಡಿ. ಅದೃಷ್ಟ ಇದ್ರೆ ಎದ್ದೇ ಬಿಡ್ತಾನೆ."

"ಸಾಕು ನಿಲ್ಲಿಸಪ್ಪಾ," ಎಂದ ಡ್ರೈವರ್. "ಆ ದೋಣಿಗಾರ ಇವರ ಯಜಮಾನ್ರು. ಈಗ ಇಲ್ಲ."

ಕಂಪನಿಯವನ ಮುಖ ಇಳಿಯಿತು. ದರ್ಜಿ ಪುಸ್ತಕ ಮುಚ್ಚಿ ಅವನ ಕಡೆ ಸರಿಸಿದ. "ನಮಗೆ ಹಳೇದೇ ಸಾಕು. ಅತ್ತಿಗೆ, ನೀವು ಹೇಳಿ, ನಿಮ್ಮದೇ ಸರದಿ." ಬಾಯಿ ಹಾಗೆಂದರೂ ಅವನ ಕೈ ಮಾತ್ರ ಆ ಪುಸ್ತಕದ ಮೇಲೇ ಇತ್ತು. ಅವಳು ಅದನ್ನು ಕಂಡಳು.

"ನಿಮ್ಮಣ್ಣನ ಬಾಯಿ ಉಳಿಸೋಕೆ ನೀನು ಕಣ್ಣು ಕಳ್ಕೊಳ್ಳೋದು ಬೇಡಪ್ಪ. ತಗೋ ಅದನ್ನ."

ಮಾತೇನೋ ಆಡಿದಳು, ಎದೆ ಮಾತ್ರ ಕೇಳಲಿಲ್ಲ. ತೂಗುಹಾಕಿದ್ದ ಬಣ್ಣದ ಬಟ್ಟೆಗಳೊಳಗಿಂದ ಸೋಸಿ ಬಂದ ಬೆಳಕು ಮೇಜಿನ ಮೇಲೆ ನೀಲಿಯಾಗಿ ಹಸಿರಾಗಿ ಅಲುಗುತ್ತಿತ್ತು. ಹೊಲಿಗೆ ಯಂತ್ರಗಳು ತಲೆ ಬಗ್ಗಿಸಿ ತೂಕಡಿಸುತ್ತಿದ್ದವು. ಅಂಗೈಯೊಳಗಿನ ದಾಳ ಬೆಚ್ಚಗಾಯಿತು. ಹಾಕಿದರೆ ಏಳಬಹುದು, ಏಳದೆ ಹೋದರೆ ಮಾತೂ ಹೋಯಿತು. ಅವಳು ಕಣ್ಣು ಮುಚ್ಚಿ ಬಹಳ ಹೊತ್ತು ಏನನ್ನೋ ಆಲಿಸಿದಳು. ಆಮೇಲೆ ದಾಳವನ್ನು ಉರುಳಿಸದೆ, ಮಲಗಿದ ಮಗುವನ್ನು ಇಳಿಸುವಂತೆ ಮೇಜಿನ ಮೇಲಿಟ್ಟಳು.

"ಏಳಬಹುದು ಅಂತ ತಾನೆ ಬರೆದಿರೋದು? ಏಳಲೇಬೇಕು ಅಂತ ಇಲ್ವಲ್ಲ?"

ಕಂಪನಿಯವನು ಹಾಳೆ ತಿರುಗಿಸಿ ನೋಡಿದ. "ಇಲ್ಲಮ್ಮ. ಬಹುದು ಅಂತಾನೇ ಇದೆ."

"ಹಾಗಾದ್ರೆ ಅವರು ಏಳಲ್ಲವಂತೆ. ಎದ್ರೆ ಒಂದು ಕಡೆ ನಿಲ್ಲೋ ಆಸಾಮಿ ಅಲ್ಲ ಅವರು, ನನಗೆ ಗೊತ್ತಿಲ್ವಾ! ದಾಳ ಹಾಕಿದ್ರೆ ತಾನೆ ಬೀಳೋದು, ಬೀಳದಿರೋದು? ಹಾಕದಿದ್ರೆ ಸರದಿ ಅವರದ್ದೇ. ಮಲಗಿದ್ದಲ್ಲೇ ಹೇಳ್ತಾರಂತೆ."

ದರ್ಜಿ ಹೊಸ ಪುಸ್ತಕವನ್ನು ತನ್ನ ಮುಂದೆಳೆದುಕೊಂಡ. ಕಿಟಕಿಯ ಕಡೆ ತಿರುಗದೆಯೇ ನದಿಯ ವರ್ಣನೆಯನ್ನು ತಡೆಯಿಲ್ಲದೆ ಓದಿ, "ದೋಣಿಗಾರನ ಸರದಿ," ಎಂದ.

"ಹುಟ್ಟು ಮೇಲಕ್ಕೆತ್ತಿ," ಎಂದಳು ಅವಳು. ದನಿ ಅವಳದಾಗಿರಲಿಲ್ಲ. "ಯಾರೂ ಗಾಬರಿ ಬೀಳಬೇಡಿ. ತಳ ಬಿರುಕು ಬಿಟ್ಟಿದೆ. ಮಲಗಿರೋನಿಗೆ ತಾನೆ ಮೊದಲು ಗೊತ್ತಾಗೋದು! ನೀರು ಬೆನ್ನಿಗೆ ತಣ್ಣಗೆ ತಗಲ್ತಾ ಇದೆ... ಬರಲಿ ಬಿಡಿ. ನದಿಗೂ ಸಾಕಾಗಿರುತ್ತೆ, ಒಳಗೆ ಬಂದು ಒಂದು ಗಳಿಗೆ ಕೂತು ಹೋಗುತ್ತೆ."

ಕಂಪನಿಯವನು ತನಗೇ ಗೊತ್ತಿಲ್ಲದಂತೆ ಎರಡೂ ಕಾಲನ್ನು ನೆಲದಿಂದೆತ್ತಿ, ಬೂಟಿನ ಸಮೇತ ಕುರ್ಚಿಯ ಮೇಲಿಟ್ಟುಕೊಂಡ.