ಕರಡಿ ಕಾಯುತ್ತಿತ್ತು

ಮಗಳು ಕುರ್ಚಿಯ ಮೇಲೆ ಎದ್ದು ನಿಂತು "ಕರಡೀ, ಅಲ್ಲಿ ಗುಂ..." ಎನ್ನುವಷ್ಟರಲ್ಲಿ ತಾಯಿಯ ಅಂಗೈ ಅವಳ ಬಾಯಿಗೆ ಅಡ್ಡ ಬಂದಿತ್ತು. "ಶ್!" ಎಂದಳು ತಾಯಿ. ಗ್ರಂಥಾಲಯದ ಕೆಲಸದಲ್ಲಿ ಓದುವವರ ನಡುವೆ ವರ್ಷಗಟ್ಟಲೆ ಕೂತು ಪಳಗಿದ 'ಶ್' ಅದು. ಅದಕ್ಕೆ ಮಗಳೊಬ್ಬಳೇ ಅಲ್ಲ, ಅಕ್ಕಪಕ್ಕದ ಸಾಲುಗಳಲ್ಲಿ ಪಿಸುಗುಡುತ್ತಿದ್ದ ಮಕ್ಕಳೂ ಗಪ್‌ಚಿಪ್ ಆದರು. ಇದನ್ನು ನೋಡಿ ಬೇರೆ ಅಪ್ಪ ಅಮ್ಮಂದಿರಿಗೂ ಹುರುಪು ಬಂತು. ಅವರೂ ತಮ್ಮ ತಮ್ಮ ಮಕ್ಕಳ ಭುಜ ಒತ್ತಿ ಕೂರಿಸಿದರು.

ರಂಗದ ಮೇಲೆ, ಜೇನಿನ ಗಡಿಗೆ ಹೊತ್ತ ಕರಡಿ ಒಂದು ಕಾಲೆತ್ತಿಕೊಂಡು ನಿಂತಿತ್ತು. ಎದುರಿಗೆ ಎಲೆ ಮುಚ್ಚಿದ ಗುಂಡಿ. ಬೇಟೆಗಾರ ಅದನ್ನು ತೋಡುವಾಗ ಕರಡಿ ನಿದ್ದೆಯಲ್ಲಿತ್ತು, ಮಕ್ಕಳು ಮಾತ್ರ ನೋಡಿದ್ದರು. ಕರಡಿ ಎತ್ತಿದ ಕಾಲು ಇಳಿಸಿತು, ಬೆನ್ನು ಕೆರೆದುಕೊಂಡಿತು, ಮಕ್ಕಳ ಕಡೆ ತಿರುಗಿ ಕಿವಿಗೆ ಕೈಯಾನಿಸಿತು, ಮತ್ತೆ ಕಾಲೆತ್ತಿತು. ಸೂಜಿ ಬಿದ್ದರೂ ಕೇಳಿಸುವಂಥ ಮೌನ. ಅಂಗೈಯ ಕೆಳಗೆ ಮಗಳ ತುಟಿಗಳು ಒದ್ದಾಡುತ್ತಿದ್ದವು. ತಾಯಿ ಬಿಡಲಿಲ್ಲ. ಕೊನೆಗೆ ಕರಡಿ ಹೆಜ್ಜೆಯಿಟ್ಟು ಗುಂಡಿಗೆ ಬಿತ್ತು. ಬೇಟೆಗಾರ ಜೇನಿನ ಗಡಿಗೆ ಎತ್ತಿಕೊಂಡು ಹೋದ. ನಾಟಕ ಮುಗಿಯಿತು.

ತಾಯಿಗೆ ಒಳಗೊಳಗೇ ಹೆಮ್ಮೆ. ಬೆಳಿಗ್ಗೆ ಗಂಡ ಟಿಕೆಟ್ ನೋಡಿ ನಕ್ಕಿದ್ದ. "ನಾಲ್ಕು ವರ್ಷದ ಕೂಸಿಗೆ ನಾಟಕ ತೋರಿಸೋದೂ ಒಂದೇ, ಹೊಳೇಲಿ ಹುಣಸೆಹಣ್ಣು ತೊಳೆಯೋದೂ ಒಂದೇ. ಅದೂ ನಮ್ಮ ರೇಡಿಯೊನ ಕರ್ಕೊಂಡು! ಪಕ್ಕದವರು ಎದ್ದು ಹೋಗ್ತಾರೆ ನೋಡ್ತಿರು." ಮಗಳಿಗೆ ರೇಡಿಯೊ ಎಂದು ಹೆಸರಿಟ್ಟವನು ಅವನೇ, ಎದ್ದಾಗಿನಿಂದ ಮಲಗುವವರೆಗೆ ಆ ಬಾಯಿಗೆ ಬಿಡುವಿರಲಿಲ್ಲ. "ನನ್ನ ಮಗಳು ಬಾಯಿ ಬಿಡಲ್ಲ, ನೀನೇ ನೋಡ್ತೀಯ" ಎಂದು ಇವಳು ಪಂತ ಕಟ್ಟಿ ಬಂದಿದ್ದಳು.

ಬಾಗಿಲ ಬಳಿ ಕರಡಿ ತನ್ನ ತಲೆಯನ್ನು ಕಂಕುಳಲ್ಲಿಟ್ಟುಕೊಂಡು ಮಕ್ಕಳ ಕೈ ಕುಲುಕುತ್ತಿತ್ತು. ಒಳಗಿದ್ದವಳು ನರೆಗೂದಲಿನ ನಟಿ, ಬೆವರಿ ತೊಪ್ಪೆಯಾಗಿದ್ದಳು.

"ನೀನೇ ಅಲ್ವಾ ಪುಟ್ಟಿ, ಎದ್ದು ನಿಂತಿದ್ದು?"

ಮಗಳು ಉತ್ತರ ಕೊಡುವ ಮೊದಲು ಅಮ್ಮನ ಮುಖ ನೋಡಿದಳು. ನಟಿ ಕರಡಿತಲೆಯನ್ನು ಅವಳ ಕೈಗೆ ಕೊಟ್ಟು, ಅವಳು ಅದರ ಮೂಗು ಸವರುವುದರಲ್ಲಿ ಮುಳುಗಿದಾಗ, ತಾಯಿಯ ಹತ್ತಿರ ಬಂದು ದನಿ ತಗ್ಗಿಸಿದಳು.

"ಬೇಜಾರು ಮಾಡ್ಕೋಬೇಡಿ ಅಮ್ಮಾ. ನಮ್ಮ ನಾಟಕಕ್ಕೆ ಕೊನೆ ಎರಡಿದೆ. ಒಂದೇ ಒಂದು ಮಗು 'ಗುಂಡಿ ಇದೆ' ಅಂತ ಕೂಗಿದ್ರೆ ಸಾಕು, ಕರಡಿ ಉಳ್ಕೊಳತ್ತೆ. ಆಮೇಲೆ ಮಕ್ಕಳನ್ನೆಲ್ಲ ಮೇಲೆ ಕರೆದು ಕುಣೀತೀವಿ. ಇನ್ನೊಂದು ಕೊನೆ ಸುಮ್ನೆ ಇರ್ಲಿ ಅಂತ ಇಟ್ಕೊಂಡಿದ್ವಿ. ಇವತ್ತೇ ಮೊದಲು ಆಡಿದ್ದು."

ನಟಿ ಬೈದಿದ್ದರೆ ಚೆನ್ನಾಗಿತ್ತು. ಅವಳು ಹೆಗಲು ತಟ್ಟಿ ಹೋದಳು. ತಾಯಿಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಅಷ್ಟೂ ಮಕ್ಕಳ ಕುಣಿತವನ್ನು ತನ್ನದೊಂದು 'ಶ್' ನುಂಗಿ ನೀರು ಕುಡಿದಿತ್ತು. ಬಸ್ಸಿನಲ್ಲಿ ಮಗಳು, "ಅಮ್ಮಾ, ಕೋಪ ಬಂತಾ?" ಎಂದಳು. "ಇಲ್ಲ ಕಂದಾ" ಎಂದು ತಾಯಿ ಕಿಟಕಿಯ ಕಡೆ ಮುಖ ತಿರುಗಿಸಿದಳು. ಮಗಳು ಮತ್ತೆ ಮಾತಾಡಲಿಲ್ಲ. ಮನೆಗೆ ಬಂದಾಗ ಗಂಡ, "ಏನೇ, ರೇಡಿಯೊ ಸೆಲ್ ಮುಗೀತಾ?" ಎಂದು ತಮಾಷೆ ಮಾಡಿದ.

ಮರುದಿನ ಗ್ರಂಥಾಲಯದಲ್ಲಿ ಇಬ್ಬರು ಹುಡುಗಿಯರು ಕಿಸಕ್ಕೆಂದು ನಕ್ಕರು. ತಾಯಿಯ ತೋರುಬೆರಳು ಅಭ್ಯಾಸಬಲದಿಂದ ತುಟಿಯವರೆಗೆ ಹೋಗಿ, ನಾಚಿಕೊಂಡು ಕೆಳಗಿಳಿಯಿತು.

ಮುಂದಿನ ಭಾನುವಾರ ಅವಳು ಮತ್ತೆ ಟಿಕೆಟ್ ತಂದಳು.

"ಅದೇ ನಾಟಕಾನಾ? ನೋಡಿದ್ದನ್ನೇ ನೋಡೋಕೆ ಇಷ್ಟು ದುಡ್ಡಾ?" ಎಂದ ಗಂಡ.

"ಹೋದ ವಾರ ನೋಡಲಿಲ್ಲ. ಹಾಳು ಮಾಡಿ ಬಂದೆ."

ದಾರಿಯಲ್ಲಿ ಮಗಳಿಗೆ ಎಲ್ಲ ಹೇಳಿಬಿಡಲೇ ಎಂದು ತಾಯಿಗೆ ನಾಲ್ಕಾರು ಸಲ ಅನ್ನಿಸಿತು. ಆದರೆ ಕಟ್ಟಿಕೊಟ್ಟ ಬುತ್ತಿ, ಹೇಳಿಕೊಟ್ಟ ಮಾತು ಎಷ್ಟು ದಿನ ಬಂದಾವು? ಹೋದ ವಾರ ಯಾರು ಹೇಳಿಕೊಟ್ಟಿದ್ದರು? ಕೂಗು ತಾನಾಗಿಯೇ ಬರಲಿ, ತನ್ನ ಕೈ ಅಡ್ಡ ಬರದಿದ್ದರೆ ಸಾಕು ಎಂದುಕೊಂಡಳು. ಕೂತ ಕೂಡಲೇ ಎರಡೂ ಕೈಗಳನ್ನು ತೊಡೆಯ ಕೆಳಗೆ ಇಟ್ಟುಕೊಂಡಳು.

ಬೇಟೆಗಾರ ಗುಂಡಿ ತೋಡಿದ. ಕರಡಿ ಎದ್ದು, ಗಡಿಗೆ ಹೊತ್ತು ಬಂದು, ಒಂದು ಕಾಲೆತ್ತಿ ನಿಂತಿತು. ಕೂಗು ಕಂದಾ, ಎಂದು ತಾಯಿ ಮನಸ್ಸಿನಲ್ಲೇ ಬೇಡಿಕೊಂಡಳು. ಹಿಂದಿನಿಂದ ಯಾರದೋ ಮಗು "ಗುಂಡಿ! ಗುಂಡಿ!" ಎಂದು ಕಿರುಚಿತು. ಆಮೇಲೆ ಹಾಲ್‌ಗೆ ಹಾಲೇ ಕಿರುಚಿತು. ಕರಡಿ ಹಾರಿ ಹಿಂದೆ ಸರಿಯಿತು, ಮಕ್ಕಳು ಕೇಕೆ ಹಾಕುತ್ತ ರಂಗಕ್ಕೆ ನುಗ್ಗಿದರು.

ತಾಯಿ ಪಕ್ಕಕ್ಕೆ ತಿರುಗಿದಳು. ಮಗಳು ತನ್ನ ಪುಟ್ಟ ಅಂಗೈಗಳೆರಡನ್ನೂ ಒಂದರ ಮೇಲೊಂದು ಬಾಯಿಗೆ ಒತ್ತಿ ಹಿಡಿದು, ಅಮ್ಮ ಈಗ ತನ್ನನ್ನು ಜಾಣೆ ಅನ್ನುತ್ತಾಳೆ ಎಂದು ಅವಳ ಮುಖವನ್ನೇ ನೋಡುತ್ತಿದ್ದಳು.