ಮುಂಗಡ ಮೌನ

ಇಷ್ಟು ದೊಡ್ಡ ಸಂಕಟವನ್ನು ಇಷ್ಟು ಚಿಕ್ಕದಾಗಿ, ಅದೂ ನಗು ಬರುವಂತೆ ಹೇಳಲು ಹೊರಟಿದ್ದೇನೆ. ತಪ್ಪಾಗಿದ್ದರೆ ಕ್ಷಮಿಸಿ.

ಪುಟ್ಟ ದೇಶವೊಂದರ ರಾಯಭಾರಿ ಏದುಸಿರು ಬಿಡುತ್ತ ವಿಶ್ವಸಭೆಗೆ ನುಗ್ಗಿದಳು.

"ಸಾರ್, ನಮ್ಮ ಕಣಿವೇನ ಸೈನ್ಯ ಸುತ್ತುವರಿದಿದೆ. ನಮ್ಮ ಇಡೀ ಜನಾಂಗವನ್ನೇ ಮುಗಿಸ್ತೀವಿ ಅಂತಿದ್ದಾರೆ. ಇವತ್ತೇ ರಕ್ಷಣಾಪಡೆ ಕಳಿಸಿ!"

ಸಭೆಯವರು ಲೊಚಗುಟ್ಟಿದರು. ಅಧ್ಯಕ್ಷರು ಕನ್ನಡಕ ತೆಗೆದು, ಕಣ್ಣೊರೆಸಿಕೊಂಡು ಎದ್ದುನಿಂತರು. ಅವರ ಹಿಂದೆಯೇ ಎಲ್ಲರೂ ಎದ್ದರು. ಅಟೆಂಡರ್ ದೊಡ್ಡದೊಂದು ಹೂವಿನ ಹಾರ ಹೊತ್ತು ತಂದ.

ಪಡೆ ಕಳಿಸಲು ಒಪ್ಪಿಯೇ ಎದ್ದರೆಂದು ಅವಳ ಜೀವ ಹಗುರಾಯಿತು. ಆದರೆ ಒಂದು ನಿಮಿಷ ಕಳೆದರೂ ಯಾರೂ ತಗ್ಗಿಸಿದ ತಲೆ ಎತ್ತಲಿಲ್ಲ.

"ಏನ್ ಸಾರ್ ಇದು?"

"ಶ್! ಮೌನಾಚರಣೆ, ತಾಯಿ. ಇನ್ನೊಂದು ನಿಮಿಷ ಇದೆ."

"ಅಯ್ಯೋ, ಅವರಿನ್ನೂ ಸತ್ತಿಲ್ಲ! ಎಲ್ಲರೂ ಬದುಕಿದ್ದಾರೆ!"

ಅಧ್ಯಕ್ಷರು ಪೆಚ್ಚಾದರು. ಸಭೆ ಕುರ್ಚಿ ಎಳೆದುಕೊಂಡು ಕುಳಿತಿತು.

"ಮೊದಲೇ ಹೇಳಬಾರದೇನಮ್ಮ?" ಎಂದು ಗದರಿದ ಅಧ್ಯಕ್ಷರು ಅಟೆಂಡರ್‌ನತ್ತ ತಿರುಗಿದರು. "ಹಾರ ಎಸೀಬೇಡಪ್ಪ. ಫ್ರಿಜ್ಜಲ್ಲಿಡು."

ಆ ಹಾರ ಮೊದಲು ಬಾಡಿತೋ, ಪಡೆ ಮೊದಲು ಹೊರಟಿತೋ, ನನಗೆ ಗೊತ್ತಿಲ್ಲ.