ಮುನಿವೆಂಕಟಮ್ಮನ ಒಳಲೆ

ಆ ದಿನ ಬೆಳಿಗ್ಗೆ ಮಂಜು ಎಷ್ಟು ದಟ್ಟವಾಗಿತ್ತೆಂದರೆ, ಭೈರಸಂದ್ರದ ಮುನಿವೆಂಕಟಮ್ಮನ ಹಸು ಬಾಗಿಲಿಗೆ ಬಂದು ನಿಂತದ್ದು ಸೇತುರಾಮಯ್ಯನವರಿಗೆ ಕೊರಳ ಗಂಟೆಯಿಂದಲೇ ತಿಳಿದದ್ದು. ಜಯನಗರದಲ್ಲಿ ಆಗಿನ್ನೂ ಮನೆಗಳಿಗಿಂತ ಖಾಲಿ ಸೈಟುಗಳೇ ಹೆಚ್ಚು. ಮಂಜು ತನಗಿಷ್ಟ ಬಂದಲ್ಲಿ ಕೂತಿತ್ತು. ಅವರ ಹೆಂಡತಿ ಸೀತಾಲಕ್ಷ್ಮಮ್ಮ ದಿನದ ಹಾಗೆ ಪಾತ್ರೆಯನ್ನು ಮೆಟ್ಟಿಲ ಮೇಲಿಟ್ಟು ಹಿಂದೆ ಸರಿದರು. ಮುನಿವೆಂಕಟಮ್ಮ ಕರೆದ ಹಾಲನ್ನು ಮೇಲಿನಿಂದ ಸುರಿದಳು. ಐದು ವರ್ಷದಿಂದ ಹೀಗೆಯೇ. ಏನೇ ಕೊಡುವುದಿದ್ದರೂ ಮೆಟ್ಟಿಲು ನಡುವೆ ಇರಬೇಕು.

ಹಾಲು ಸುರಿದವಳು ಹೊರಡಲಿಲ್ಲ. ಸೆರಗಿನ ಗಂಟು ಬಿಚ್ಚಿ ಒಂದು ತುಂಡು ಬಜೆ ತೆಗೆದು, "ಎಲ್ಲಿ ಅಯ್ನೋರೆ ಕೂಸು? ತೇದು ನೆಕ್ಕಿಸಾನ ಅಂತ ತಂದೆ" ಎಂದಳು.

ಸೇತುರಾಮಯ್ಯನವರ ಬೆರಳಲ್ಲಿ ಜಪದ ಮಣಿ ಅಲ್ಲೇ ನಿಂತಿತು. ಮನೆಯಲ್ಲಿ ಕೂಸೇ ಇರಲಿಲ್ಲ. ಇದ್ದದ್ದು ಎರಡು ಬಿಳಿ ಮೊಲ. ಸದಾ ತುಳಸಿಕಟ್ಟೆಯ ಎರಡು ಪಕ್ಕ ಕೂರುತ್ತಿದ್ದುದರಿಂದ, ವೈಕುಂಠದ ಬಾಗಿಲು ಕಾಯುವವರ ಹೆಸರನ್ನೇ ಕೊಟ್ಟು ಜಯ, ವಿಜಯ ಎಂದು ಕರೆಯುತ್ತಿದ್ದರು. ಎರಡಕ್ಕೂ ಹೊಟ್ಟೆಹುಳ, ಎಷ್ಟು ತಿಂದರೂ ಬೆನ್ನುಮೂಳೆ ಕೈಗೆ ಸಿಗುತ್ತಿತ್ತು. ದನದ ಡಾಕ್ಟರು ಒಂದು ಸೀಸೆ ಸಿಹಿ ಔಷಧಿ ಕೊಟ್ಟು, ಒತ್ತಿ ಹಿಡಿದು ಕುಡಿಸಬೇಡಿ, ಹುಳ ಕೊಲ್ಲುವ ಮೊದಲು ಹೆದರಿಕೆಯೇ ಕೊಂದೀತು ಎಂದು ಎಚ್ಚರಿಸಿದ್ದರು. ಮೊದಲ ದಿನ ಸೊಪ್ಪಿಗೆ ಸವರಿ ಇಟ್ಟರೆ, ಸವರಿದ ಎಲೆ ಬಿಟ್ಟು ಉಳಿದದ್ದನ್ನು ತಿಂದವು. ಎರಡನೆಯ ದಿನ ಚಮಚ ಹಿಡಿದು ಅಟ್ಟಿಸಿಕೊಂಡು ಹೋದರೆ ವಿಜಯ ದೇವರ ಮಂಟಪದ ಅಡಿಗೆ ನುಗ್ಗಿತು. ಎಳೆದು ತೆಗೆದಾಗ ಅದರ ಎದೆ ಹೊಲಿಗೆ ಮಿಷನ್ನಿನ ಹಾಗೆ ಹೊಡೆದುಕೊಳ್ಳುತ್ತಿತ್ತು. ಔಷಧಿಯನ್ನು ಕುಡಿದದ್ದು ಸೇತುರಾಮಯ್ಯನವರ ಪಂಚೆ.

ಕೂಸುಗಳಿಗೆ ಕುಡಿಸುವಂತೆ ಒಳಲೆಯಲ್ಲಿ ಕುಡಿಸಿದರೆ ಹೇಗೆ ಎಂದು ಹೊಳೆದದ್ದು ಆಗ. ಮೊಮ್ಮಗನ ಬೆಳ್ಳಿ ಒಳಲೆ ಬೀರುವಿನಲ್ಲೇ ಇತ್ತು. ಸೀತಾಲಕ್ಷ್ಮಮ್ಮ ಬೀಗದ ಕೈಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು, "ಪ್ರಾಣಿ ಬಾಯಿ ತಾಗಿದ್ದನ್ನ ಮತ್ತೆ ಮಗು ಬಾಯಿಗೆ ಇಡಕ್ಕಾಗುತ್ಯೇ?" ಎಂದರು. ಉಳಿದದ್ದು ಮುನಿವೆಂಕಟಮ್ಮನ ಹಿತ್ತಾಳೆ ಒಳಲೆ. ಹೋದ ವರ್ಷ ಮಗಳ ಬಾಣಂತನದಲ್ಲಿ, ಬೀಗರ ಮನೆಯಿಂದ ಬೆಳ್ಳಿಯದು ಬರುವ ತನಕ, ಹುಣಸೆಹಣ್ಣು ಹಾಕಿ ತಿಕ್ಕಿ, ಮೊಮ್ಮಗನಿಗೆ ಹರಳೆಣ್ಣೆ ಹಾಕಿದ್ದು ಅದರಲ್ಲೇ. ಮೊಲಕ್ಕೆಂದರೆ ಅವಳೂ ಕೊಡಲಾರಳು. ಮೂವತ್ತು ವರ್ಷ ಪೋಸ್ಟ್‌ಮಾಸ್ಟರಾಗಿ ಒಂದು ದಿನವೂ ತಾರೀಕು ತಪ್ಪಿಸಿ ಮೊಹರು ಹಾಕದ ಮನುಷ್ಯ, ಮೊಮ್ಮಗ ಬಂದಿದ್ದಾನೆ ಎಂದು ನಿನ್ನೆ ಸಂಜೆ ಸುಳ್ಳು ಹೇಳಿ ಅದನ್ನು ತಂದಿದ್ದರು.

"ಮಲಗಿದೆ" ಎಂದರು ಈಗ.

"ಬಾಧೆ ಏನು?"

"ಹೊಟ್ಟೆಹುಳ." ಇದಾದರೂ ನಿಜವಲ್ಲ ಎನ್ನುವಂತಿರಲಿಲ್ಲ.

"ಹಲ್ಲು ಬಂದವಾ?"

"ಬಂದಿವೆ. ಮುಂದಿನವು ಸ್ವಲ್ಪ ದೊಡ್ಡವು."

"ಹೆಜ್ಜೆ ಇಡ್ತದಾ?"

"ಹೆಜ್ಜೆ ಅಂತಲ್ಲ..." ಸೇತುರಾಮಯ್ಯ ಒದ್ದಾಡಿದರು. "ನೆಗೆಯುತ್ತೆ."

ಮುನಿವೆಂಕಟಮ್ಮ ಅವರ ಮುಖವನ್ನೇ ನೋಡಿದಳು. ಅಷ್ಟರಲ್ಲಿ ವಿಜಯ ಬಾಗಿಲ ಸಂದಿಯಿಂದ ಹೊರಬಂದು, ಮೂಗು ಆಡಿಸುತ್ತ ಅವರ ಕಾಲ ಬಳಿ ಕೂತಿತು.

"ಎದ್ದು ಬಂದ ನೋಡಿ ನಿಮ್ಮ ಮೊಮ್ಮಗ" ಎಂದಳು ಮುನಿವೆಂಕಟಮ್ಮ. "ಅಮ್ಮಾವ್ರಂಗೇ ಬೆಳ್ಳಗವ್ನೆ."

ಸೇತುರಾಮಯ್ಯ ನಡೆದದ್ದೆಲ್ಲ ಒಪ್ಪಿಕೊಂಡು ತಲೆ ತಗ್ಗಿಸಿ ನಿಂತರು. ಅವಳು ಬೈಯಲಿಲ್ಲ. ಹಳೆಯ ಸೀರೆಯ ಮೆತ್ತನೆ ತುಂಡೊಂದನ್ನು ಕೇಳಿ ತರಿಸಿಕೊಂಡು, ಮೆಟ್ಟಿಲ ಮೇಲೆ ಕೂತು, ಒಂದು ಹಿಡಿ ಗರಿಕೆಯನ್ನು ಮಡಿಲಲ್ಲಿ ಹಾಕಿಕೊಂಡು ಸುಮ್ಮನಾದಳು. ಕರೆಯಲೂ ಇಲ್ಲ, ಕೈ ಚಾಚಲೂ ಇಲ್ಲ. ಹಸು ಎರಡು ಸಲ ಮೆಲುಕು ಹಾಕುವಷ್ಟರಲ್ಲಿ ವಿಜಯ ತಾನಾಗಿ ಮಡಿಲು ಹತ್ತಿತು. ಬಟ್ಟೆಯನ್ನು ಸುತ್ತಿ, ಕಿವಿಗಳನ್ನು ಬೆನ್ನಿಗೆ ಸವರಿ, ಅಂಗೈಯಿಂದ ಕಣ್ಣು ಮರೆಮಾಡಿ, ಹೊಟ್ಟೆಗೆ ಅವಚಿಕೊಂಡಳು. ಕಾಲ ಮೇಲೆ ಮಲಗಿಸಿಕೊಳ್ಳಬೇಕಲ್ಲವೇ ಎಂದು ಸೇತುರಾಮಯ್ಯ ಕೇಳಿದರು.

"ಅಂಗಾತ ಹಾಕಿದ್ರೆ ನೆತ್ತಿಗೇರ್ತದೆ. ಕೂತಂಗೇ ಇರ್ಲಿ."

ಸೇತುರಾಮಯ್ಯ ಔಷಧಿ ತುಂಬಿ ಮೆಟ್ಟಿಲ ಮೇಲಿಟ್ಟ ಒಳಲೆಯ ಮೂತಿಯನ್ನು ತುಟಿಯ ಪಕ್ಕದಿಂದ ತೂರಿಸಿ ಒಂದು ತೊಟ್ಟು ಬಿಟ್ಟಳು, ನುಂಗುವ ತನಕ ಕಾದಳು, ಇನ್ನೊಂದು ತೊಟ್ಟು ಬಿಟ್ಟಳು. ಸೇತುರಾಮಯ್ಯ ಅಂಜುತ್ತ ಅದರ ಎದೆಯ ಮೇಲೆ ಬೆರಳಿಟ್ಟರು. ಮಿಷನ್ನು ನಿಧಾನವಾಗಿತ್ತು. ಅಣ್ಣನಿಗೋ ತಮ್ಮನಿಗೋ ಏನೋ ಸಿಹಿ ಸಿಕ್ಕಿತೆಂದು ಜಯ ತಾನೂ ಬಂದು ಸರದಿಯಲ್ಲಿ ಕೂತಿತು. ಸೇತುರಾಮಯ್ಯನವರ ಕಣ್ಣು ತುಂಬಿ ಬಂತು.

"ನಿನ್ನ ಮಕ್ಕಳು ಕುಡಿದ ಒಳಲೆ. ಸುಳ್ಳು ಹೇಳಿ ತಂದು ಎಂಜಲು ಮಾಡಿದೆ. ತಪ್ಪಾಯ್ತು ಕಣಮ್ಮ."

"ನನ್ನ ಮಕ್ಕಳದಾ?" ಮುನಿವೆಂಕಟಮ್ಮನಿಗೆ ಆಶ್ಚರ್ಯ. "ಇದು ನಮ್ಮತ್ತೆ ಕುರಿಮರಿಗೆ ಅಂತ ತಂದಿದ್ದು, ಹುಳದ ಕಷಾಯ ಕುಡಿಸಾಕೆ. ಮಕ್ಕಳು ಆಮೇಲೆ ಹುಟ್ಟಿದ್ವು. ಹೋದ ವರ್ಷ ನಿಮ್ಮ ಮೊಮ್ಮಗಂಗೆ ಕೊಟ್ಟಾಗ್ಲೂ ಎರಡು ಮರಿ ಕುಡೀತಿದ್ವು. ಪಾಪ, ಅಮ್ಮಾವ್ರು ವಾಪಸ್ ಕೊಡೋಗಂಟ ಕಾದ್ವು."

ಒಳಗೆ ಮಜ್ಜಿಗೆ ಕಡೆಯುತ್ತಿದ್ದ ಸದ್ದು ನಿಂತಿತು. ಸೇತುರಾಮಯ್ಯನವರಿಗೆ ತಿರುಗಿ ನೋಡುವ ಧೈರ್ಯವಾಗಲಿಲ್ಲ. ಮನಸ್ಸಿನಲ್ಲೇ ನಾರಾಯಣ ಎಂದರು. ಜಯನ ಸರದಿಯೂ ಮುಗಿಯುವ ಹೊತ್ತಿಗೆ ಸೀತಾಲಕ್ಷ್ಮಮ್ಮ ಹೊರಗೆ ಬಂದು, ಮೆಟ್ಟಿಲ ಮೇಲಿದ್ದ ಒಳಲೆಯನ್ನು ಎತ್ತಿಕೊಂಡು ಹಿತ್ತಲಿಗೆ ಹೋದರು. ಹುಣಸೆಹಣ್ಣು ಹಾಕಿ ತಿಕ್ಕುವ ಸದ್ದು ಬಹಳ ಹೊತ್ತು ಕೇಳಿಸಿತು. ಮಂಜು ಕರಗಿ ಹಸುವಿನ ಕೋಡು, ಆಮೇಲೆ ಮುಖ, ಆಮೇಲೆ ಎದುರಿನ ಖಾಲಿ ಸೈಟು ಕಂಡವು.

ಸೀತಾಲಕ್ಷ್ಮಮ್ಮ ಒಳಲೆಯನ್ನು ಸೆರಗಿನಲ್ಲಿ ಒರೆಸುತ್ತ ಬಂದರು. ಮೆಟ್ಟಿಲ ಕಡೆ ಒಮ್ಮೆ ನೋಡಿದರು. ಬಗ್ಗಲಿಲ್ಲ. ಅದನ್ನು ಮುನಿವೆಂಕಟಮ್ಮನ ಕೈಯಲ್ಲೇ ಇಟ್ಟರು.